ಜಿಪಿಎಲ್ ಪ್ರಾಜೆಕ್ಟ್‌ನ ಲೈಸೆನ್ಸ್ ಬದಲಿಸಬೇಕು: ಹನ್ನೊಂದು ಜನರ ಕೋಡ್, ಅವರಲ್ಲೊಬ್ಬರು ಈಗಿಲ್ಲ

ಮಲೆನಾಡ್_ಕೋಡರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

2014ರಿಂದ ಒಂದು ಕನ್ನಡ ಸ್ಪೆಲ್ ಚೆಕ್ ಲೈಬ್ರರಿ ನಡೆಸ್ಕೊಂಡು ಬರ್ತಿದ್ದೀನಿ. ಬರೀ ಪದಪಟ್ಟಿ ಇಟ್ಕೊಂಡು ಕನ್ನಡಕ್ಕೆ ಸ್ಪೆಲ್ ಚೆಕ್ ಮಾಡೋಕೆ ಆಗಲ್ಲ ಅನ್ನೋದು ಇಲ್ಲಿರೋರಿಗೆ ಗೊತ್ತು. ಪಟ್ಟಿಯಲ್ಲಿ 'ಮನೆ' ಇದ್ರೆ 'ಮನೆಯಲ್ಲಿದ್ದವರಿಗೂ' ಅನ್ನೋದೂ ಸರಿ ಅಂತ ಪ್ರೋಗ್ರಾಮಿಗೆ ಹೊಳೀಬೇಕು. ಹಾಗಾಗಿ ನಿಜವಾದ ಕೆಲಸ ಇರೋದು ಪ್ರತ್ಯಯ ಮತ್ತು ಸಂಧಿ ನಿಯಮಗಳ ಫೈಲಲ್ಲಿ. ಮನೆ + ಅನ್ನು ಬಂದ್ರೆ ಯಕಾರ ಸೇರಿಸಿ 'ಮನೆಯನ್ನು' ಮಾಡು, ಮರ + ಅನ್ನು ಬಂದ್ರೆ ವಕಾರ ಸೇರಿಸಿ 'ಮರವನ್ನು' ಮಾಡು, ಊರು + ಅನ್ನು ಬಂದ್ರೆ ಉಕಾರ ಬಿಟ್ಟು 'ಊರನ್ನು' ಮಾಡು. ಇಂಥವು ಸಾಲುಸಾಲು, ಪ್ರತಿಯೊಂದಕ್ಕೂ ಅಪವಾದಗಳ ಬಾಲ.

ಶುರುವಿನಿಂದಲೂ ಲೈಸೆನ್ಸ್ ಜಿಪಿಎಲ್ 3, ಅಂದ್ರೆ ಈ ಕೋಡ್ ಸೇರಿಸಿ ಪ್ರೋಗ್ರಾಂ ಹಂಚೋರು ಅದರ ಸೋರ್ಸನ್ನೂ ಇದೇ ಲೈಸೆನ್ಸಲ್ಲಿ ಕೊಡಬೇಕು. ಕೊಡುಗೆ ಕೊಟ್ಟವರು ನನ್ನನ್ನೂ ಸೇರಿಸಿ ಹನ್ನೊಂದು ಜನ. ಯಾರ ಹತ್ರನೂ ಯಾವ ಕಾಗದಕ್ಕೂ ಸಹಿ ಹಾಕಿಸ್ಕೊಂಡಿಲ್ಲ. ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಬಂತು, ಚೆನ್ನಾಗಿತ್ತು, ಮರ್ಜ್ ಮಾಡಿದೆ, ಅಷ್ಟೇ.

ಈಗ ಮಕ್ಕಳಿಗೆ ಕನ್ನಡ ಕಲಿಸೋ ಆಪ್ ಮಾಡೋ ಒಂದು ಸಣ್ಣ ಕಂಪನಿಯವರು ಬಂದಿದ್ದಾರೆ. ಐಫೋನು, ಆಂಡ್ರಾಯ್ಡ್ ಎರಡರಲ್ಲೂ ನಮ್ಮ ಲೈಬ್ರರಿ ಹಾಕ್ಕೋಬೇಕಂತೆ. ಅವರ ವಕೀಲರು ಜಿಪಿಎಲ್ ಅಂದ ತಕ್ಷಣ ಬೇಡ ಅಂದಿದ್ದಾರೆ. "ಎಂಐಟಿಗೆ ಬದಲಿಸಿ ಕೊಡಿ ಸರ್, ಒಂದು ಕಮಿಟ್ ತಾನೇ" ಅಂತ ಅವರ ಕಡೆಯ ಹುಡುಗ ಕೇಳ್ತಾ ಇದ್ದಾನೆ. ಎಂಐಟಿ ಅಂದ್ರೆ ಬರೆದವರ ಹೆಸರು ಉಳಿಸ್ಕೊಂಡು ಮುಚ್ಚಿದ ಆಪಲ್ಲೂ ಹಾಕ್ಕೋಬಹುದಾದ ಲೈಸೆನ್ಸ್, ಕಮಿಟ್ ಅಂದ್ರೆ ಗಿಟ್ ಅನ್ನೋ ಸಾಧನದಲ್ಲಿ ದಾಖಲಾಗೋ ಒಂದು ಬದಲಾವಣೆ. ನನಗೂ ಮಕ್ಕಳ ಕೈಗೆ ಹೋಗ್ಲಿ ಅಂತ ಆಸೆ ಇದೆ.

ತೊಡಕು ಏನಂದ್ರೆ:

ಒಬ್ಬ ಗೆಳೆಯ ಆಫೀಸ್ ಲ್ಯಾಪ್‌ಟಾಪಿಂದ, ಆಫೀಸ್ ಇಮೇಲ್ ಐಡಿಯಿಂದಲೇ ಕಮಿಟ್ ಮಾಡಿದ್ದಾನೆ. ಇನ್ನೊಬ್ಬರಿಗೆ ಮೇಲ್ ಕಳಿಸಿದ್ರೆ ವಾಪಸ್ ಬರ್ತಿದೆ. ಸಂಧಿ ನಿಯಮಗಳ ದೊಡ್ಡ ಪಾಲು ಕೊಟ್ಟವರು ಸಾಗರದ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ಗಿಟ್ ಗೊತ್ತಿರಲಿಲ್ಲ, ಎಕ್ಸೆಲ್ ಶೀಟಲ್ಲಿ ಬರೆದು ಮೇಲ್ ಮಾಡೋರು, ನಾನು ಅದನ್ನ ಕೋಡಿಗೆ ಇಳಿಸ್ತಿದ್ದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಹೋಗ್ಬಿಟ್ರು. ಇನ್ನು ಪದಪಟ್ಟಿ ನಾನೇ ಕನ್ನಡ ವಿಕಿಪೀಡಿಯದ ಡಂಪಿಂದ ಸ್ಕ್ರಿಪ್ಟ್ ಹಾಕಿ ತೆಗೆದದ್ದು.

ರೆಪೊ (ಕೋಡ್ ಇಟ್ಟಿರೋ ಜಾಗ) ನನ್ನ ಅಕೌಂಟಲ್ಲಿದೆ, ಸಾಲು ಲೆಕ್ಕ ಹಾಕಿದ್ರೆ ಬಹುಪಾಲು ಕೋಡ್ ನಂದೇ. ನಾನೊಬ್ಬನೇ ಲೈಸೆನ್ಸ್ ಬದಲಿಸಬಹುದಾ?

ದೋಸೆಕಲ್ಲು

ರೆಪೊ ನಿಮ್ದು, ಬಹುಪಾಲು ಕೋಡ್ ನಿಮ್ದು. ಬದಲಿಸಿ ಗುರುವೇ. ಸ್ಪೆಲ್ ಚೆಕ್ಕಿಗೆ ಕೇಸ್ ಹಾಕೋರು ಯಾರಿದ್ದಾರೆ? ಕನ್ನಡದ ಕೆಲಸ ಅಂದ್ರೆ ಎಲ್ಲರೂ ಖುಷಿ ಪಡ್ತಾರೆ. ರೀಡ್‌ಮಿಯಲ್ಲಿ ಎಲ್ಲರ ಹೆಸರು ಹಾಕಿ ಒಂದು ಥ್ಯಾಂಕ್ಸ್ ಹೇಳಿ, ಮುಗೀತು.

ರಾತ್ರಿಪಾಳಿ

ದೋಸೆಕಲ್ಲು ಅವರೇ, ನಿಮ್ಮ ಉತ್ಸಾಹ ಚೆನ್ನಾಗಿದೆ, ಆದರೆ ಆ ದಾರಿ ಬೇಡ. ನನ್ನ ಹೊಟ್ಟೆಪಾಡೇ ಇದು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಕೋಡಿನೊಳಗೆ ಯಾವ ಯಾವ ಲೈಸೆನ್ಸ್ ಅಡಗಿದೆ ಅಂತ ಕೆದಕುವುದು ನನ್ನ ಕೆಲಸ. "ಯಾರು ಕೇಳ್ತಾರೆ" ಅಂತ ಬಿಟ್ಟದ್ದನ್ನೇ ನಾವು ಕೇಳುವುದು. ಆ ಆಪ್ ಕಂಪನಿ ನಾಳೆ ಬೆಳೆದು, ಯಾರೋ ದುಡ್ಡು ಹಾಕಲು ಬಂದಾಗ ಮೊದಲು ತೆರೆಯುವುದೇ ಈ ಫೈಲು.

ಮಲೆನಾಡ್ ಅವರೇ, ನೇರ ಉತ್ತರ: ಆಗಲ್ಲ. ರೆಪೊದ ಅಡ್ಮಿನ್ ಆಗಿರುವುದು ಬೇರೆ, ಕೋಡಿನ ಒಡೆತನ ಬೇರೆ. ಕೂಡುಕುಟುಂಬದ ಜಮೀನಿನ ಪಹಣಿಯಲ್ಲಿ ಹಿರಿಯಣ್ಣನ ಹೆಸರಿದ್ದ ಮಾತ್ರಕ್ಕೆ ಉಳಿದವರ ಸಹಿಯಿಲ್ಲದೆ ಮಾರಾಟ ನಡೆಯುತ್ತದೆಯೇ? ಇದೂ ಹಾಗೇ. ಯಾರು ಬರೆದರೋ ಆ ಸಾಲುಗಳ ಹಕ್ಕುಸ್ವಾಮ್ಯ ಅವರದು. ಅವರು ನಿಮಗೂ ಜಗತ್ತಿಗೂ ಕೊಟ್ಟದ್ದು ಜಿಪಿಎಲ್ 3ರ ಅನುಮತಿ ಮಾತ್ರ. ಗಿಟ್‌ಹಬ್‌ನ ಬಳಕೆ ಕರಾರಿನಲ್ಲೂ ಅಷ್ಟೇ ಇರುವುದು: ಬೇರೆ ಒಪ್ಪಂದ ಇಲ್ಲದಿದ್ದರೆ, ರೆಪೊದಲ್ಲಿ ಯಾವ ಲೈಸೆನ್ಸ್ ಇದೆಯೋ ಅದೇ ಲೈಸೆನ್ಸಲ್ಲಿ ನಿಮ್ಮ ಕೊಡುಗೆ ಬರುತ್ತದೆ. ಮೇಂಟೇನರ್‌ಗೆ ಅಂತ ವಿಶೇಷ ಹಕ್ಕೇನೂ ಅಲ್ಲಿ ಹುಟ್ಟುವುದಿಲ್ಲ. ಬಹುಮತ ಅನ್ನುವುದೂ ಇಲ್ಲಿ ನಡೆಯಲ್ಲ. ನೂರಕ್ಕೆ ತೊಂಬತ್ತು ನಿಮ್ಮದಾದರೂ ಉಳಿದ ಹತ್ತರ ಮಾಲೀಕರು ಬೇಡ ಅಂದರೆ ಆ ಹತ್ತನ್ನು ಕಿತ್ತು ಹೊಸದಾಗಿ ಬರೆಯಬೇಕು.

ನಿಮ್ಮ ಸಂಕಟಕ್ಕೆ ಹತ್ತಿರದ ಕಥೆ ವಿಎಲ್‌ಸಿಯದು. ಹೌದು, ಆ ಕಿತ್ತಳೆ ಬಣ್ಣದ ಕೋನಿನ ಪ್ಲೇಯರ್. ಪ್ಯಾರಿಸ್‌ನ ಎಕೋಲ್ ಸೆಂತ್ರಾಲ್ ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ್ದು. ಅದನ್ನು ಜಿಪಿಎಲ್‌ನಲ್ಲಿ ಬಿಡಲಿಕ್ಕೇ ಕಾಲೇಜಿನ ಒಪ್ಪಿಗೆ ಬೇಕಾಯಿತು, ಅದು ಸಿಕ್ಕಿದ್ದು 2001ರಲ್ಲಿ. ಅಂದರೆ ಮೊದಲ ದಿನದಿಂದಲೂ 'ಇದು ಯಾರದು' ಅನ್ನುವ ಪ್ರಶ್ನೆ ಅದರ ಬೆನ್ನಿಗಿತ್ತು. ಆಮೇಲೆ ಯಾರೋ ಐಫೋನಿಗೆ ತಂದರು. ಜಿಪಿಎಲ್ ಪ್ರಕಾರ ಪಡೆದವರ ಮೇಲೆ ಹೆಚ್ಚಿನ ನಿರ್ಬಂಧ ಹೇರುವಂತಿಲ್ಲ, ಆಪ್ ಸ್ಟೋರಿನ ಕರಾರು ಹೇರುತ್ತದೆ. ವಿಎಲ್‌ಸಿ ಬರೆದವರಲ್ಲೇ ಒಬ್ಬರು ಆಪಲ್‌ಗೆ ತಕರಾರು ಕೊಟ್ಟರು, 2011ರ ಜನವರಿಯಲ್ಲಿ ಆಪಲ್ ಅದನ್ನು ಸ್ಟೋರಿಂದ ತೆಗೆದುಹಾಕಿತು. ದೋಸೆಕಲ್ಲು ಅವರೇ, ಗಮನಿಸಿ, ಕೇಳಿದ್ದು ಹೊರಗಿನವರಲ್ಲ, ಒಳಗಿನವರೇ.

ಆಮೇಲೆ ವಿಎಲ್‌ಸಿಯ ಮುಂದಾಳು ಜಾಂ-ಬಾಪ್ಟೀಸ್ಟ್ ಕೆಂಫ್ ಪಟ್ಟು ಹಿಡಿದು ಕೂತರು. ನೂರಾರು ಜನರನ್ನು ಒಬ್ಬೊಬ್ಬರಾಗಿ ಹುಡುಕಿ ಒಪ್ಪಿಗೆ ತಗೊಂಡು, 2011-12ರಲ್ಲಿ ಒಳಗಿನ ಎಂಜಿನ್ನನ್ನೂ ಬಹುಪಾಲು ಮಾಡ್ಯೂಲುಗಳನ್ನೂ ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ (ಮುಚ್ಚಿದ ಆಪ್‌ಗಳೂ ಬಳಸಬಹುದಾದ ಸಡಿಲ ಜಿಪಿಎಲ್) ತಂದರು. ಕೆಲವು ಮಾಡ್ಯೂಲುಗಳು ಬರಲಿಲ್ಲ, ಅವು ಇವತ್ತಿಗೂ ಜಿಪಿಎಲ್‌ನಲ್ಲೇ ಇವೆ. 2013ರಲ್ಲಿ ವಿಎಲ್‌ಸಿ ಐಫೋನಿಗೆ ವಾಪಸ್ ಬಂತು, ಐಓಎಸ್ ಭಾಗಕ್ಕೆ ಎಂಪಿಎಲ್ (ಮೊಜಿಲ್ಲಾದ ಲೈಸೆನ್ಸ್, ಮುಂದೆ ಹೇಳುತ್ತೇನೆ) ಮತ್ತು ಜಿಪಿಎಲ್ ಎರಡೂ ಲೈಸೆನ್ಸ್ ಹಾಕಿಕೊಂಡು.

ಮೌನವನ್ನೇ ಒಪ್ಪಿಗೆ ಅಂದುಕೊಳ್ಳುವ ದಾರಿಯನ್ನೂ ಒಬ್ಬರು ಹಿಡಿದು ನೋಡಿದ್ದಾರೆ. 2017ರಲ್ಲಿ, ಇಂಟರ್ನೆಟ್ ಸಂಪರ್ಕಕ್ಕೆ ಬೀಗ ಹಾಕುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನವರು ಅಪಾಚೆ ಲೈಸೆನ್ಸಿಗೆ ಹೋಗುತ್ತೇವೆ ಅಂತ ಎಲ್ಲರಿಗೂ ಮೇಲ್ ಕಳಿಸಿ, ಉತ್ತರ ಬರದಿದ್ದರೆ ಅಭ್ಯಂತರವಿಲ್ಲ ಎಂದುಕೊಳ್ಳುತ್ತೇವೆ ಅಂತ ಸೇರಿಸಿದ್ದರು. ಸರಿಯಾಗಿ ಬೈಸಿಕೊಂಡರು. ಅಪಾಚೆ ಲೈಸೆನ್ಸಲ್ಲಿ ಓಪನ್‌ಎಸ್‌ಎಸ್‌ಎಲ್‌ನ 3.0 ಆವೃತ್ತಿ ಹೊರಬಂದಾಗ 2021ರ ಸೆಪ್ಟೆಂಬರ್ ಆಗಿತ್ತು. ಆ ಸಾಲನ್ನು ನಿಮ್ಮ ಮೇಲ್‌ನಲ್ಲಿ ಹಾಕಬೇಡಿ.

ಈಗ ಕೆಲಸದ ಮಾತು. ಗಿಟ್ ಶಾರ್ಟ್‌ಲಾಗ್ ಹೆಸರುಗಳನ್ನು ಕೊಡುತ್ತದೆ ಅಷ್ಟೇ. ಇವತ್ತಿನ ಕೋಡಿನಲ್ಲಿ ಯಾರ ಸಾಲು ಉಳಿದಿದೆ ಅನ್ನುವುದಕ್ಕೆ ಗಿಟ್ ಬ್ಲೇಮ್ ಓಡಿಸಿ. ಸ್ಪೇಸ್ ಬದಲಾವಣೆಯನ್ನು ಕಡೆಗಣಿಸುವ, ಫೈಲಿಂದ ಫೈಲಿಗೆ ದಾಟಿದ ಸಾಲನ್ನು ಹಿಡಿಯುವ ಆಯ್ಕೆಗಳನ್ನು ಹಾಕಿಕೊಂಡೇ ಓಡಿಸಿ. ಇಲ್ಲದಿದ್ದರೆ ನೀವು ಎಂದೋ ಇಂಡೆಂಟ್ ಸರಿಮಾಡಿದ ಇನ್ನೊಬ್ಬರ ಕೋಡೆಲ್ಲ ನಿಮ್ಮ ಹೆಸರಲ್ಲಿ ಕಾಣುತ್ತದೆ. ನೀವು ಹೇಳಿದ ಬಹುಪಾಲು ಎಷ್ಟರಮಟ್ಟಿಗೆ ನಿಜ ಅಂತ ಆಗ ತಿಳಿಯುತ್ತದೆ. ಇನ್ನೊಂದು: ಮೇಷ್ಟ್ರ ಶೀಟಿಂದ ಇಳಿಸಿದ ಸಾಲುಗಳೂ ಬ್ಲೇಮ್‌ನಲ್ಲಿ ನಿಮ್ಮ ಹೆಸರಿನಲ್ಲೇ ಬರುತ್ತವೆ. ಕೀಬೋರ್ಡ್ ಒತ್ತಿದವರು ಯಾರು ಅನ್ನುವುದನ್ನಷ್ಟೇ ಗಿಟ್ ಬಲ್ಲದು.

ಒಂದು ಅಕ್ಷರದ ತಪ್ಪು ತಿದ್ದಿದವರು, ಕಾಮಾ ಹಾಕಿದವರು, ಇವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಜಿಪಿಎಲ್ ಹುಟ್ಟಿಸಿದ ಗ್ನೂ ಪ್ರಾಜೆಕ್ಟಿನವರು ಸುಮಾರು 15 ಸಾಲುಗಳವರೆಗಿನ ಸಣ್ಣ ಬದಲಾವಣೆಗೆ ಕಾಗದಪತ್ರ ಕೇಳುವುದಿಲ್ಲ. ಅದು ಕಾನೂನಲ್ಲ, ಅವರ ರೂಢಿ.

ಕೊನೆಯದಾಗಿ, ಎಂಐಟಿಗೇ ಯಾಕೆ ಹೋಗಬೇಕು? ಎಂಪಿಎಲ್ 2.0 ನೋಡಿ. ನಿಮ್ಮ ಫೈಲುಗಳಲ್ಲಿ ಯಾರಾದರೂ ಬದಲಾವಣೆ ಮಾಡಿ ಹಂಚಿದರೆ ಆ ಫೈಲುಗಳ ಸೋರ್ಸ್ ಕೊಡಲೇಬೇಕು, ಆದರೆ ಅವರ ಉಳಿದ ಆಪ್ ಮುಚ್ಚಿಟ್ಟುಕೊಳ್ಳಬಹುದು. ಆಪ್ ಸ್ಟೋರಿಗೂ ಅಡ್ಡಿಯಿಲ್ಲ, ಜಿಪಿಎಲ್ ಪ್ರಾಜೆಕ್ಟುಗಳೂ ಬಳಸಬಹುದು. ಕೊಡುಗೆ ಕೊಟ್ಟವರನ್ನು ಒಪ್ಪಿಸುವುದೂ ಸುಲಭ.

ಮಲೆನಾಡ್_ಕೋಡರ್

ರಾತ್ರಿಪಾಳಿ ಸರ್, ತುಂಬಾ ಉಪಕಾರ ಆಯ್ತು. ಬ್ಲೇಮ್ ಓಡಿಸಿದೆ. ಉಳಿದಿರೋ ಕೋಡಲ್ಲಿ ಲೆಕ್ಕಕ್ಕೆ ಬರೋದು ನನ್ನನ್ನ ಬಿಟ್ಟು ಐದು ಜನ. ಮೇಲ್ ವಾಪಸ್ ಬರ್ತಿದ್ದವರದ್ದು ಒಂದು ಟೆಸ್ಟ್ ಫೈಲ್ ಮಾತ್ರ, ಅದನ್ನ ಕಿತ್ತಾಕಿ ಬೇರೆ ಬರೀಬಹುದು. ಜರ್ಮನಿಯಲ್ಲಿರೋ ಅಕ್ಕ ಒಬ್ಬರು ಈಗಾಗ್ಲೇ ವಾಟ್ಸಾಪಲ್ಲಿ "ಏನ್ ಬೇಕಾದ್ರೂ ಮಾಡ್ಕೋ ಮಾರಾಯ" ಅಂದಿದ್ದಾರೆ.

ಆಫೀಸ್ ಐಡಿಯ ಗೆಳೆಯನದ್ದೇ ಫಜೀತಿ. ಅವನು ಬರೆದಿರೋದು ಸಲಹೆ ಕೊಡೋ ಭಾಗ. 'ವಿಧ್ಯಾರ್ಥಿ' ಅಂತ ಬರೆದ್ರೆ 'ವಿದ್ಯಾರ್ಥಿ' ಅಂತ ತೋರಿಸಬೇಕಲ್ಲ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದ್ರೆ ಕಡಿಮೆ ದಂಡ, ಬೇರೆ ಅಕ್ಷರಾನೇ ಆದ್ರೆ ಜಾಸ್ತಿ ದಂಡ ಹಾಕೋ ಲೆಕ್ಕ ಅದು. ಲೈಬ್ರರಿಯ ಜೀವಾಳ. ಅವನ ಕಂಪನಿಯ ಆಫರ್ ಲೆಟರಲ್ಲಿ, ಕೆಲಸದಲ್ಲಿ ಇರೋವರೆಗೆ ಆಫೀಸ್ ಹೊತ್ತಿರಲಿ ಭಾನುವಾರ ಇರಲಿ, ಬರೆದಿದ್ದೆಲ್ಲ ಕಂಪನಿದು ಅಂತ ಇದೆಯಂತೆ. ಈಗ ಅವನು ಆ ಕಂಪನಿ ಬಿಟ್ಟಾಗಿದೆ. ಅವನ ಸಹಿ ಸಾಕಾ, ಕಂಪನಿದೂ ಬೇಕಾ?

ಮೇಷ್ಟ್ರ ವಿಷಯದಲ್ಲಿ ಇನ್ನೊಂದು ಅನುಮಾನ. ಸಂಧಿ ನಿಯಮ ಅವರು ಕಂಡುಹಿಡಿದದ್ದೇನಲ್ಲ, ವ್ಯಾಕರಣದ್ದು. ಅದಕ್ಕೂ ಹಕ್ಕುಸ್ವಾಮ್ಯ ಇರುತ್ತಾ?

ಅರ್ಜಿದಾರೆ

ನಾನು ವಕೀಲೆ, ಸಾಫ್ಟ್‌ವೇರ್ ಕರಾರುಪತ್ರಗಳೇ ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ದಾರಿ ತೋರಿಸಲಿಕ್ಕೆ ಮಾತ್ರ. ನಿಮ್ಮ ಕಾಗದ ನೋಡದೆ ಯಾವ ವಕೀಲರೂ ಖಡಾಖಂಡಿತ ಹೇಳಬಾರದು.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಅಂದರೆ 'ಸಾಹಿತ್ಯ ಕೃತಿ'. ನಗಬೇಡಿ, ಸೆಕ್ಷನ್ 2(ಓ) ಹಾಗೇ ಹೇಳುತ್ತದೆ. ಕಾದಂಬರಿಗೆ ಇರುವ ರಕ್ಷಣೆಯೇ ನಿಮ್ಮ ಸಂಧಿ ಫೈಲಿಗೂ ಇದೆ. ಅವಧಿಯೂ ಅದೇ, ಬರೆದವರು ಇರುವಷ್ಟು ಕಾಲ, ಅವರ ನಂತರ 60 ವರ್ಷ.

ಆಫೀಸ್ ಗೆಳೆಯರ ಪ್ರಶ್ನೆಗೆ ಸೆಕ್ಷನ್ 17(ಸಿ). ನೌಕರಿಯಲ್ಲಿರುವವರು ಆ ನೌಕರಿಯ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ಕೆಲಸ ಕೊಟ್ಟವರು. ಇಲ್ಲಿ 'ನೌಕರಿಯ ಕೆಲಸದ ಭಾಗವಾಗಿ' ಅನ್ನುವುದೇ ಜಗಳದ ಜಾಗ. ಬ್ಯಾಂಕ್ ಸಾಫ್ಟ್‌ವೇರ್ ಬರೆಯಲು ಸೇರಿಸಿಕೊಂಡ ಹುಡುಗ ಭಾನುವಾರ ಕನ್ನಡ ಸ್ಪೆಲ್ ಚೆಕ್ ಬರೆದರೆ 17(ಸಿ) ತಾನಾಗಿ ಅನ್ವಯಿಸುವುದಿಲ್ಲ. ಆದರೆ ಆಫರ್ ಲೆಟರ್‌ನಲ್ಲಿ ಎಲ್ಲವೂ ಕಂಪನಿಯದು ಅಂತ ಸಹಿ ಹಾಕಿದ್ದಾರಲ್ಲ, ಅದು ಪ್ರತ್ಯೇಕ ವರ್ಗಾವಣೆಯಾಗಿ ನಿಲ್ಲಬಹುದು. ಅದರ ಮೇಲೆ ಆಫೀಸ್ ಲ್ಯಾಪ್‌ಟಾಪು, ಆಫೀಸ್ ಐಡಿ. ಕೋರ್ಟಿಗೆ ಹೋದರೆ ವಾದ ಮಾಡಬಹುದು, ಆದರೆ ನಿಮ್ಮ ಉದ್ದೇಶ ವಾದ ಮಾಡುವುದಲ್ಲವಲ್ಲ. ಕೆಲಸ ಬಿಟ್ಟರೂ ಹಿಂದೆ ಬರೆದದ್ದರ ಒಡೆತನ ಅವರ ಜೊತೆ ಎದ್ದು ಬರುವುದಿಲ್ಲ. ಹಾಗಾಗಿ ಕಂಪನಿಯಿಂದ ಎರಡು ಸಾಲಿನ ಒಪ್ಪಿಗೆ ಪತ್ರ ಬೇಕು. ದೊಡ್ಡ ಕಂಪನಿಯಾದರೆ ಓಪನ್ ಸೋರ್ಸ್ ನೋಡಿಕೊಳ್ಳುವ ತಂಡವೇ ಇರುತ್ತದೆ, ಎಚ್‌ಆರ್‌ಗೆ ಬರೆದರೆ ಆರು ತಿಂಗಳು ಹಿಡಿದೀತು, ನೇರ ಆ ತಂಡಕ್ಕೆ ಬರೆಯಿರಿ.

ಆ ಹುಡುಗ ಫ್ರೀಲಾನ್ಸರ್ ಆಗಿದ್ದರೆ ಕಥೆ ಉಲ್ಟಾ. ಆಗ ಬರೆದುಕೊಡದ ಹೊರತು ಹಕ್ಕು ಅವನದೇ. ಎಷ್ಟೋ ಸ್ಟಾರ್ಟಪ್‌ಗಳಿಗೆ ಇದು ಗೊತ್ತಿಲ್ಲ. ದುಡ್ಡು ಕೊಟ್ಟಿದ್ದೇವೆ, ಕೋಡ್ ನಮ್ಮದು ಅಂತ ನಂಬಿ ಕೂತಿರುತ್ತಾರೆ.

ಮೇಷ್ಟ್ರ ವಿಷಯ. ನೀವು ಹೇಳಿದ್ದು ಅರ್ಧ ಸರಿ. ಯಕಾರಾಗಮದ ನಿಯಮಕ್ಕೆ ಯಾರೂ ಮಾಲೀಕರಲ್ಲ. ಆದರೆ ಯಾವ ಉದಾಹರಣೆ ಆರಿಸಬೇಕು, ಅಪವಾದಗಳನ್ನು ಹೇಗೆ ಗುಂಪು ಮಾಡಬೇಕು, ಯಾವುದರ ಹಿಂದೆ ಯಾವುದು ಬರಬೇಕು ಅಂತ ಅವರು ತಲೆ ಓಡಿಸಿ ಜೋಡಿಸಿದ್ದಾರಲ್ಲ, ಆ ಜೋಡಣೆಗೆ ಹಕ್ಕುಸ್ವಾಮ್ಯ ಇರಬಹುದು. ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಟ್ಟ ಅಳತೆ ಇದು: ಬರೀ ಬೆವರು ಸುರಿಸಿದರೆ ಸಾಲದು, ಒಂದಿಷ್ಟಾದರೂ ಸ್ವಂತ ಬುದ್ಧಿ ಕಾಣಬೇಕು. ಮೇಷ್ಟ್ರ ಶೀಟ್ ಆ ಅಳತೆ ದಾಟುತ್ತದೆ ಎಂದೇ ಇಟ್ಟುಕೊಳ್ಳಿ. ಅವರ ವಾರಸುದಾರರ ಒಪ್ಪಿಗೆ ಕೇಳಿ.

ಪದಪಟ್ಟಿಗೂ ಇದೇ ಅಳತೆ. ಡಂಪಿನಿಂದ ಸ್ಕ್ರಿಪ್ಟ್ ಬಿಡಿಪದಗಳನ್ನು ಹೆಕ್ಕಿ ಅಕಾರಾದಿ ಜೋಡಿಸಿದರೆ ಅದರಲ್ಲಿ ವಿಕಿಪೀಡಿಯ ಬರೆದವರ ಅಭಿವ್ಯಕ್ತಿ ಏನೂ ಉಳಿಯುವುದಿಲ್ಲ. 'ಅಡಿಕೆ' ಎಂಬ ಪದ ಯಾರದೂ ಅಲ್ಲ. ಯುರೋಪಿನಲ್ಲಿ ಡೇಟಾಬೇಸ್‌ಗೇ ಪ್ರತ್ಯೇಕ ಹಕ್ಕಿದೆ, ನಮ್ಮಲ್ಲಿಲ್ಲ. ಆದರೆ ಟೆಸ್ಟ್‌ಗೆ ಅಂತ ವಿಕಿಪೀಡಿಯದ ಇಡೀ ವಾಕ್ಯಗಳನ್ನು ತಂದಿಟ್ಟಿದ್ದೀರಾ? ಹಾಗಿದ್ದರೆ ಅವು ಸಿಸಿ ಬೈ-ಎಸ್‌ಎ, ಅಂದರೆ ಮೂಲದ ಹೆಸರು ಹೇಳಿ ಅದೇ ಷರತ್ತಿನಲ್ಲೇ ಹಂಚಬೇಕಾದ ಲೈಸೆನ್ಸ್. ಅದನ್ನು ಬದಲಿಸುವ ಅಧಿಕಾರ ನಿಮಗಿಲ್ಲ. ಬೇರೆ ಫೋಲ್ಡರ್‌ನಲ್ಲಿಟ್ಟು ಆ ಲೈಸೆನ್ಸ್ ಅಲ್ಲೇ ಬರೆಯಿರಿ.

ರಾತ್ರಿಪಾಳಿ

ವಿಕಿಪೀಡಿಯದ ಮಾತು ಬಂತಲ್ಲ, ಒಂದು ಅಡ್ಡಮಾತು. ಕನ್ನಡ ವಿಕಿಪೀಡಿಯದಲ್ಲಿ 2009ಕ್ಕಿಂತ ಮುಂಚೆ ಬರೆದವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಲೇಖನಗಳ ಲೈಸೆನ್ಸ್ ಬದಲಾಗಿದೆ, ನಿಮ್ಮನ್ನು ಒಬ್ಬೊಬ್ಬರಾಗಿ ಯಾರೂ ಕೇಳಲಿಲ್ಲ! ಆಗ ಎಲ್ಲವೂ ಜಿಎಫ್‌ಡಿಎಲ್ ಎಂಬ, ಬರಹಗಳಿಗೆ ಅಂತ ಗ್ನೂದವರು ಮಾಡಿದ ಲೈಸೆನ್ಸಲ್ಲಿತ್ತು. ಕೋಟಿಗಟ್ಟಲೆ ತಿದ್ದುಪಡಿ, ಅರ್ಧಕ್ಕರ್ಧ ಜನ ಬರೀ ಐಪಿ ವಿಳಾಸ. ಕೆಂಫ್ ಥರ ಹುಡುಕಿಕೊಂಡು ಹೋಗುವುದು ಕನಸಿನ ಮಾತು. ಆದರೆ ಎಲ್ಲರೂ ಕೊಟ್ಟಿದ್ದು 'ಈ ಆವೃತ್ತಿ ಅಥವಾ ಮುಂದಿನ ಯಾವುದೇ ಆವೃತ್ತಿ' ಅನ್ನುವ ಷರತ್ತಿನ ಮೇಲೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ನವೆಂಬರಿನಲ್ಲಿ 1.3ನೇ ಆವೃತ್ತಿ ತಂದು, ವಿಕಿಗಳು ಸಿಸಿ ಬೈ-ಎಸ್‌ಎಗೆ ದಾಟಬಹುದು, ಗಡುವು 2009ರ ಆಗಸ್ಟ್ 1 ಅಂತ ಒಂದು ಕಿಂಡಿ ತೆರೆಯಿತು. ವಿಕಿಪೀಡಿಯದವರು ಮತ ಹಾಕಿ ಜೂನ್‌ನಲ್ಲೇ ದಾಟಿದರು.

ಲಿನಕ್ಸ್ ಕರ್ನೆಲ್‌ಗೆ ಆ ಕಿಂಡಿಯೇ ಇಲ್ಲ. ಒಟ್ಟಾರೆ ಲೈಸೆನ್ಸ್ ಜಿಪಿಎಲ್ 2 ಮಾತ್ರ, 'ಅಥವಾ ಮುಂದಿನದು' ಇಲ್ಲ. ಬರೆದವರು ಸಾವಿರಾರು, ಹಕ್ಕು ಅವರವರ ಹತ್ತಿರ ಅಥವಾ ಅವರವರ ಕಂಪನಿ ಹತ್ತಿರ. ಅದನ್ನು ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ನಾಳೆ ಬೆಳಿಗ್ಗೆ ಎದ್ದು ಬದಲಿಸುತ್ತೇನೆ ಅಂದರೂ ಆಗದು.

ಗಿರ್ಮಿಟ್_ಗಿಟ್

ನೋಡ್ರಿ, ಎಲ್ಲಾರೂ ಹ್ಯಾಂಗ ಬದಲಿಸೂದು ಅಂತ ಹೇಳಾಕತ್ತೀರಿ, ಯಾಕ ಬದಲಿಸಬೇಕು ಅಂತ ಒಬ್ಬರೂ ಕೇಳವಲ್ರಿ. ಹುಬ್ಬಳ್ಳಿಯಾಗ ಕೂತು ಇಪ್ಪತ್ತು ಸರ್ವರ್ ನೋಡ್ಕೊಳ್ಳಾಂವ ನಾನು. ಈ ಲೈಸೆನ್ಸ್ ಬದಲಾವಣಿ ಅನ್ನೂದು ನನ್ನ ತಲಿ ತಿಂದಷ್ಟು ಯಾವ ವೈರಸ್ಸೂ ತಿಂದಿಲ್ಲ.

2018ರ ಅಕ್ಟೋಬರದಾಗ ಮಾಂಗೋಡಿಬಿ ಡೇಟಾಬೇಸಿನವರು ಎಜಿಪಿಎಲ್ (ಸರ್ವರ್ ಮ್ಯಾಲೆ ಓಡಿಸಿದ್ರೂ ಸೋರ್ಸ್ ಕೊಡಬೇಕನ್ನೂ ಜಿಪಿಎಲ್) ಬಿಟ್ಟು ಎಸ್‌ಎಸ್‌ಪಿಎಲ್ (ಓಪನ್ ಸೋರ್ಸ್ ಅಂತ ಒಪ್ಪದ ಲೈಸೆನ್ಸ್) ಅಂದ್ರು. ಡೆಬಿಯನ್, ಫೆಡೋರಾದವರು ಪ್ಯಾಕೇಜ್ ತೆಗದ್ರು. 2021ಕ್ಕ ಹುಡುಕೂ ಎಂಜಿನ್ ಎಲಾಸ್ಟಿಕ್‌ಸರ್ಚ್ ಹಂಗs ಓಪನ್ ಲೈಸೆನ್ಸ್ ಬಿಟ್ಟು ಹ್ವಾದ್ರ ಅಮೆಝಾನ್‌ನವರು ಹಳೇ 7.10 ಹಿಡದು ಓಪನ್‌ಸರ್ಚ್ ಅಂತ ಫೋರ್ಕ್ (ನಕಲು ತಗೊಂಡು ಬ್ಯಾರೆ ದಾರಿ) ಮಾಡಿದ್ರು. 2023ರ ಆಗಸ್ಟ್ ತಿಂಗಳು ಹ್ಯಾಶಿಕಾರ್ಪ್ ಕಂಪನಿ ಟೆರಾಫಾರ್ಮ್ (ಸರ್ವರ್ ಜೋಡಿಸೂ ಸಾಧನ) ಹಿಡ್ಕೊಂಡು ಎಂಪಿಎಲ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ ಜಿಗೀತು, ಮುಂದಿನ ತಿಂಗಳಾನ ಓಪನ್‌ಟೋಫು ಅಂತ ಅದರ ಫೋರ್ಕ್ ಹುಟ್ಟಿತು. 2024ರ ಮಾರ್ಚದಾಗ ರೆಡಿಸ್ ಡೇಟಾಬೇಸ್. ಎಂಟು ದಿನದಾಗ ಲಿನಕ್ಸ್ ಫೌಂಡೇಶನ್ ಕೆಳಗ ಅದರ ಫೋರ್ಕ್ ವಾಲ್ಕೀ ತಯಾರು. ನಾವು ಒಂದರ ಮ್ಯಾಲೊಂದು ಮೈಗ್ರೇಶನ್ ಮಾಡ್ಕೋತ ಕುಂತೀವಿ. ಅಷ್ಟೆಲ್ಲಾ ಮಾಡಿ ಕಡೀಕ ಏನಾತು? ಎಲಾಸ್ಟಿಕ್‌ದವರು 2024ಕ್ಕ, ರೆಡಿಸ್‌ದವರು 2025ಕ್ಕ ಎಜಿಪಿಎಲ್ ಸೇರಿಸಿ ವಾಪಸ್ ಓಪನ್ ಸೋರ್ಸ್ ಅಂತ ಬಂದ್ರು. ಹ್ವಾದ ಜನಾ ವಾಪಸ್ ಬರಬೇಕಲ್ರಿ?

ಮಾಂಗೋ, ಎಲಾಸ್ಟಿಕ್, ಹ್ಯಾಶಿಕಾರ್ಪ್, ಈ ಮೂರೂ ಕಡೆ ಪ್ಯಾಚ್ ಕಳಿಸೂ ಮುಂದ ಸಿಎಲ್‌ಎ ಅನ್ನೂ ಕರಾರಿಗೆ ಸಹಿ ಮಾಡಸ್ತಿದ್ರು. ಪ್ಯಾಚ್ ನಿಂದು, ಅದನ್ನ ಯಾವ ಲೈಸೆನ್ಸಿನಾಗ ಬೇಕಾದ್ರೂ ಬಿಡೂ ಅಧಿಕಾರ ನಮ್ದು ಅಂತ. ಮಲೆನಾಡ ಅಣ್ಣಾರ, ನಿಮ್ಮ ಹನ್ನೊಂದು ಮಂದಿ ಯಾವ ಕಾಗದಕ್ಕೂ ಸಹಿ ಮಾಡಿಲ್ಲ ಅಂತ ನೀವು ಚಿಂತಿ ಮಾಡಾಕತ್ತೀರಿ. ನನಗ ಅದs ಚೊಲೋ ಕಾಣತೈತಿ. ಒಬ್ಬರ ಕೈಯಾಗ ಎಲ್ಲಾ ಹಕ್ಕು ಇಲ್ಲದ್ದಕ್ಕ ಯಾರೂ ಬಂದು ನಿಮ್ಮನ್ನ ಖರೀದಿ ಮಾಡಿ ಬಾಗಲಾ ಹಾಕಾಕ ಬರೂದಿಲ್ಲ. ಆ ಆಪ್ ಕಂಪನಿಯವರು ಜಿಪಿಎಲ್‌ನಾಗ ಆಪ್ ಬಿಡ್ಲಿ, ಆಂಡ್ರಾಯ್ಡಿಗಂತೂ ಏನೂ ತೊಂದ್ರಿ ಇಲ್ಲ.

ರಾತ್ರಿಪಾಳಿ

ಗಿರ್ಮಿಟ್ ಅವರೇ, ನಿಮ್ಮ ಪಟ್ಟಿಯಲ್ಲಿ ರೆಡಿಸ್ ಬೇರೆ ಜಾತಿ. ಅದು ಬಿಎಸ್‌ಡಿ ಲೈಸೆನ್ಸಲ್ಲಿತ್ತು. ಅಲ್ಲಿ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಕಾಪಿರೈಟ್ ಸಾಲನ್ನೂ ಲೈಸೆನ್ಸ್ ಪಠ್ಯವನ್ನೂ ಉಳಿಸಿಕೊಂಡರೆ ಬಿಎಸ್‌ಡಿ ಕೋಡನ್ನು ಯಾರು ಬೇಕಾದರೂ ತಮ್ಮ ಮುಚ್ಚಿದ ಪ್ರಾಡಕ್ಟಿನೊಳಗೆ ಸೇರಿಸಬಹುದು, ರೆಡಿಸ್ ಕಂಪನಿಯೂ ಅದನ್ನೇ ಮಾಡಿತು. ಅಲ್ಲಿ ಕಂಪನಿಯ ಕೈಗೆ ಬಂದ ವಿಶೇಷ ಹತಾರ ಅಂದರೆ ಹೆಸರು, ಟ್ರೇಡ್‌ಮಾರ್ಕ್. ಅದಕ್ಕೇ ಫೋರ್ಕ್ ಮಾಡಿದವರು ವಾಲ್ಕೀ ಅಂತ ಬೇರೆ ಹೆಸರು ಇಟ್ಟುಕೊಳ್ಳಬೇಕಾಯಿತು.

ಹಾಗಾಗಿ ನಿಮ್ಮ ವಾದ ಎಂಐಟಿಗೆ ತಗಲುತ್ತದೆ, ಎಂಪಿಎಲ್‌ಗೆ ಅಷ್ಟಾಗಿ ತಗಲುವುದಿಲ್ಲ. ಟೆರಾಫಾರ್ಮ್ ಎಂಪಿಎಲ್‌ನಲ್ಲೇ ಇದ್ದರೂ ಬದಲಿಸಲು ಆದದ್ದು ಸಿಎಲ್‌ಎ ಇದ್ದದ್ದರಿಂದ. ಮಲೆನಾಡ್ ಅವರು ಎಂಪಿಎಲ್‌ಗೆ ಬಂದು, ಸಿಎಲ್‌ಎ ಇಲ್ಲದೆ, ಕರ್ನೆಲ್‌ನವರು 2004ರಿಂದ ಮಾಡುತ್ತಿರುವ ಹಾಗೆ ಪ್ರತಿ ಕಮಿಟ್ಟಿನ ಅಡಿಗೆ 'ಸೈನ್ಡ್-ಆಫ್-ಬೈ' ಸಾಲು ಕೇಳಿದರೆ ಸಾಕು. 'ಇದನ್ನು ಕೊಡುವ ಹಕ್ಕು ನನಗಿದೆ' ಅಂತ ಬರೆದವರೇ ಹೇಳಿದ ಹಾಗಾಗುತ್ತದೆ. ಹಕ್ಕು ಒಬ್ಬರ ಕೈಗೆ ಸೇರುವುದೂ ಇಲ್ಲ.

ಜಿಪಿಎಲ್‌ನಲ್ಲಿ ಈವರೆಗೆ ಬಿಟ್ಟ ಆವೃತ್ತಿಗಳು ಹೇಗೂ ಜಿಪಿಎಲ್‌ನಲ್ಲೇ ಇರುತ್ತವೆ. ಬದಲಾವಣೆ ಇಷ್ಟವಿಲ್ಲದವರು ಅಲ್ಲಿಂದ ಫೋರ್ಕ್ ಮಾಡಲಿ, ನೀವೇ ಮಾಡಿ ಬೇಕಾದರೆ.

ಗಿರ್ಮಿಟ್_ಗಿಟ್

ಎಂಪಿಎಲ್ ಆದ್ರ ನಂದೇನು ತಕರಾರಿಲ್ರಿ. ಎಂಐಟಿ ಅಂದ್ರ ಮಾತ್ರ ಫೋರ್ಕ್ ಮಾಡಾಂವನ.

ಮಲೆನಾಡ್_ಕೋಡರ್

ಎಂಪಿಎಲ್ 2.0 ಅಂತ ಆಪ್ ಕಂಪನಿಗೆ ಹೇಳಿದೆ, ಅವರ ವಕೀಲರು ಒಪ್ಪಿದ್ದಾರೆ. ಆಫೀಸ್ ಗೆಳೆಯನ ಹಳೇ ಕಂಪನಿಗೆ ಮೇಲ್ ಹೋಗಿದೆ. ಅವರು ಒಪ್ಪದಿದ್ರೆ ಆ ಸಲಹೆ ಭಾಗ ತೆಗೆದು, ಹಂಸ್ಪೆಲ್ ಅನ್ನೋ ಓಪನ್ ಸೋರ್ಸ್ ಸ್ಪೆಲ್ ಚೆಕ್ಕರಲ್ಲಿ ಇರೋದನ್ನ ಹಾಕ್ಕೋತೀನಿ. ಅದು ಜಿಪಿಎಲ್, ಎಲ್‌ಜಿಪಿಎಲ್, ಎಂಪಿಎಲ್ ಮೂರರಲ್ಲೂ ಸಿಗುತ್ತೆ. ನಮ್ಮ ಅಲ್ಪಪ್ರಾಣ ಮಹಾಪ್ರಾಣದ ಲೆಕ್ಕದಷ್ಟು ಚೆನ್ನಾಗಿ ಸಲಹೆ ಕೊಡಲ್ಲ, ಆದ್ರೂ ನಡೆಯುತ್ತೆ. ಟೆಸ್ಟ್ ಫೋಲ್ಡರಲ್ಲಿ ವಿಕಿಪೀಡಿಯದ ವಾಕ್ಯಗಳು ನಿಜವಾಗ್ಲೂ ಇದ್ವು, ಬೇರೆ ಮಾಡಿದೆ.

ಉಳಿದವರಿಗೆ ಕಳಿಸೋ ಪತ್ರ ಹೀಗೆ ಬರೆದಿದ್ದೀನಿ. ಅರ್ಜಿದಾರೆ ಮೇಡಂ, ಒಂದ್ಸಲ ಕಣ್ಣಾಡಿಸ್ತೀರಾ?

"ಲಗತ್ತಿಸಿದ ಪಟ್ಟಿಯಲ್ಲಿರುವ ಕಮಿಟ್‌ಗಳ ಕೋಡನ್ನು ನಾನೇ ಬರೆದಿದ್ದೇನೆ. ಅದು ಯಾರ ನೌಕರಿಯ ಭಾಗವಾಗಿಯೂ ಬರೆದದ್ದಲ್ಲ, ಅದರ ಹಕ್ಕುಸ್ವಾಮ್ಯ ನನ್ನದು. ಈ ಕೋಡನ್ನು ಈಗಿರುವ ಜಿಪಿಎಲ್ 3ರ ಜೊತೆಗೆ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0ರಲ್ಲೂ ಬಿಡುಗಡೆ ಮಾಡಲು ಒಪ್ಪಿದ್ದೇನೆ. ಹಕ್ಕುಸ್ವಾಮ್ಯ ನನ್ನ ಬಳಿಯೇ ಇರುತ್ತದೆ."

ಮೇಷ್ಟ್ರ ಮಗಳ ನಂಬರ್ ಸಿಕ್ಕಿದೆ. ಅವರಿಗೂ ಇದನ್ನೇ ಕಳಿಸಬಹುದಾ?

ಅರ್ಜಿದಾರೆ

ಪತ್ರ ಚೆನ್ನಾಗಿದೆ. ಒಂದು ಸಾಲು ಸೇರಿಸಿ: "ಈ ಅನುಮತಿ ಹಕ್ಕುಸ್ವಾಮ್ಯದ ಅವಧಿ ಮುಗಿಯುವವರೆಗೆ, ಜಗತ್ತಿನ ಎಲ್ಲ ಕಡೆಗೂ ಅನ್ವಯಿಸುತ್ತದೆ." ನಮ್ಮ ಕಾಯ್ದೆಯ ಸೆಕ್ಷನ್ 19 ಪ್ರಕಾರ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಭಾವಿಸುತ್ತಾರೆ. ಅದು ಹಕ್ಕು ವರ್ಗಾವಣೆಗೆ ಮಾಡಿದ ನಿಯಮ, ಆದರೆ 30ಎ ಮೂಲಕ ಲೈಸೆನ್ಸಿಗೂ ಬರುತ್ತದೆ. ಸೆಕ್ಷನ್ 30ರಲ್ಲಿ ಲೈಸೆನ್ಸ್ ಲಿಖಿತವಾಗಿರಬೇಕು ಅಂತಿದೆ. ಇಮೇಲ್ ಉತ್ತರ ನಡೆಯುತ್ತದೆ, ಐಟಿ ಕಾಯ್ದೆ 2000 ಎಲೆಕ್ಟ್ರಾನಿಕ್ ದಾಖಲೆಯನ್ನು ಒಪ್ಪುತ್ತದೆ. ಜರ್ಮನಿಯ ಅಕ್ಕನಿಂದಲೂ ವಾಟ್ಸಾಪ್ ಸಾಲದು, ಮೇಲ್‌ನಲ್ಲೇ ಪೂರ್ತಿ ಪತ್ರ ತರಿಸಿಕೊಳ್ಳಿ.

ಮೇಷ್ಟ್ರ ಮನೆಗೆ ಈ ಪತ್ರ ಬೇಡ, "ನಾನೇ ಬರೆದಿದ್ದೇನೆ" ಅಂತ ಮಗಳು ಹೇಳಲಾರರು. ಬೇರೆ ಪತ್ರ ಬರೆಯಿರಿ, ಮೇಷ್ಟ್ರು ನಿಮಗೆ ಕಳಿಸಿದ ಎಕ್ಸೆಲ್ ಶೀಟ್‌ಗಳ ದಿನಾಂಕ ಹಾಕಿ. ಅವರು ಉಯಿಲು ಬರೆದಿದ್ದರೆ ಅದರಂತೆ. ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ 1956 ಅವರಿಗೆ ಅನ್ವಯಿಸುವುದಾದರೆ, ಮಗಳ ಸಹಿಯೊಂದೇ ಸಾಲದು. ಮೇಷ್ಟ್ರ ಪತ್ನಿ, ಬೇರೆ ಮಕ್ಕಳು, ತಾಯಿ ಇದ್ದರೆ ಅವರೂ ಮೊದಲ ದರ್ಜೆಯ ವಾರಸುದಾರರೇ. ಎಲ್ಲರೂ ಒಂದೇ ಕಾಗದದಲ್ಲಿ ಸಹಿ ಹಾಕಿದರೆ ಸಾಕು, ನೋಂದಣಿ ಬೇಕಿಲ್ಲ. ಫೋನ್ ಮಾಡುವಾಗ ಮೊದಲು ಲೈಬ್ರರಿ ಏನು ಮಾಡುತ್ತದೆ ಅಂತ ಹೇಳಿ, ಲೈಸೆನ್ಸ್ ಮಾತು ಆಮೇಲೆ ಎತ್ತಿ. ಹಕ್ಕು, ಸಹಿ ಅಂದ ತಕ್ಷಣ ಜನ ಜಮೀನು ಅಂದುಕೊಂಡು ಹೆದರುತ್ತಾರೆ.